ಕ್ಲಾನ್‌ನಲ್ಲಿ ಹೆಸರಿದೆ, ಆಳಿಲ್ಲ: ಕಾಣೆಯಾದ ಆಟಗಾರರನ್ನು ಏನು ಮಾಡೋದು?

[ದೃಶ್ಯ: ಕತ್ತಲೆ ಕೋಣೆ, ಫೋನ್‌ನ ಬೆಳಕು ಮಾತ್ರ. ಹಂಚಿನ ಮೇಲೆ ಮಳೆಯ ಸದ್ದು.]

ನಮಸ್ಕಾರ. ಈ ಸ್ಕ್ರೀನ್ ರೆಕಾರ್ಡಿಂಗ್ ನೋಡಿ. 2023ರ ಜುಲೈ ಕೊನೆಯದ್ದು. ಕ್ಲಾಶ್ ಆಫ್ ಕ್ಲಾನ್ಸ್ ಅನ್ನೋ ಮೊಬೈಲ್ ಆಟ. ನಮ್ಮ ಕ್ಲಾನ್‌ಗೆ, ಅಂದರೆ ತಂಡಕ್ಕೆ, ಇನ್ನೊಂದು ಕ್ಲಾನ್ ಜೊತೆ ವಾರ್. ವಾರ್ ಮುಗಿಯಲು ಇನ್ನು ಹನ್ನೊಂದು ನಿಮಿಷ ಇದೆ. ನಮ್ಮದು 38 ಸ್ಟಾರ್, ಎದುರಿನವರದ್ದು 39. ನಮ್ಮ ಕಡೆ ಇನ್ನೂ ಐದು ಅಟ್ಯಾಕ್ ಬಾಕಿ. ಐದು! ಒಂದು ಚೆನ್ನಾಗಿ ಬಿದ್ದಿದ್ದರೂ ಗೆದ್ದುಬಿಡುತ್ತಿದ್ದೆವು.

ಬಾಕಿ ಇಟ್ಟವರು ಮೂರು ಜನ. ತೀರ್ಥಹಳ್ಳಿ ಹುಡುಗ ಒಂದು, ತುಮರಿ ಹುಡುಗ ಎರಡು, ಬೆಂಗಳೂರಲ್ಲಿರುವ ನಮ್ಮ ಸೀನಿಯರ್ ಎರಡು. ಗ್ರೂಪ್‌ನಲ್ಲಿ ಹೆಸರು ಹಿಡಿದು ಕೂಗಿದೆ. ಯಾರೂ ಇಲ್ಲ. ಸೋತೆವು. ಲೀಡರ್ ನಾನೇ. ಸಿಟ್ಟು ನೆತ್ತಿಗೇರಿತ್ತು. ಮೂವರನ್ನೂ ಕಿಕ್ ಮಾಡಿ, ಅಂದರೆ ಕ್ಲಾನ್‌ನಿಂದ ಹೊರಗೆ ಹಾಕಿ, ಫೋನ್ ಮುಖ ಕೆಳಗೆ ಮಾಡಿ ಮಲಗಿದೆ.

ಮೂರರಲ್ಲಿ ಎರಡು ತಪ್ಪು. ಇವತ್ತಿನ ವಿಡಿಯೋ ಅದರ ಬಗ್ಗೆ.

[ದೃಶ್ಯ: ಹಗಲು. ಮನೆ ಜಗುಲಿ. ನಿರೂಪಕ ಕ್ಯಾಮೆರಾ ಎದುರು.]

ಮೊದಲು, ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. 2012ರಲ್ಲಿ ಫಿನ್ಲೆಂಡ್‌ನ ಸೂಪರ್‌ಸೆಲ್ ಕಂಪನಿ ತಂದ ಆಟ ಇದು. 2020ರಲ್ಲಿ ನಿಷೇಧವಾಗಿದ್ದು ಕ್ಲಾಶ್ ಆಫ್ ಕಿಂಗ್ಸ್, ಅದು ಬೇರೆ. ಈಗಲೂ ಕಾಮೆಂಟ್‌ನಲ್ಲಿ ‘ಬ್ಯಾನ್ ಆಗಿಲ್ವಾ’ ಅಂತ ಕೇಳುವವರಿದ್ದೀರಿ, ಅದಕ್ಕೆ ಹೇಳಿದೆ. ಒಬ್ಬೊಬ್ಬರಿಗೆ ಒಂದೊಂದು ಊರು, ಅಂದರೆ ಬೇಸ್. ಒಂದು ಕ್ಲಾನ್‌ನಲ್ಲಿ ಹೆಚ್ಚೆಂದರೆ 50 ಜನ. ವಾರ್ ಅಂದರೆ ತಯಾರಿಗೆ 23 ಗಂಟೆ, ಹೊಡೆದಾಟಕ್ಕೆ 24 ಗಂಟೆ. ಒಬ್ಬರಿಗೆ ಎರಡು ಅಟ್ಯಾಕ್. ಒಂದು ಅಟ್ಯಾಕ್ ಮೂರು ನಿಮಿಷ. ಎದುರಿನವರ ಬೇಸ್ ಒಡೆದರೆ ಸ್ಟಾರ್, ಸ್ಟಾರ್ ಜಾಸ್ತಿ ಇದ್ದವರು ಗೆದ್ದ ಹಾಗೆ.

ಇಪ್ಪತ್ನಾಲ್ಕು ಗಂಟೆಯಲ್ಲಿ ಆರು ನಿಮಿಷ. ಅಷ್ಟೂ ಆಗಲ್ವಾ ಅಂತ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು.

ನಮ್ಮ ಕ್ಲಾನ್ ಶುರುವಾಗಿದ್ದು 2020ರಲ್ಲಿ. ಸೆಪ್ಟೆಂಬರ್ 2ಕ್ಕೆ ಪಬ್‌ಜಿ ನಿಷೇಧ ಆಯಿತು. ಕೊರೊನಾ ಅಂತ ಕಾಲೇಜು ಮುಚ್ಚಿತ್ತು. ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡಿದ್ದ ಹುಡುಗರೆಲ್ಲ ಊರು ಸೇರಿದ್ದರು. ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ. ಪಬ್‌ಜಿಗೆ ಒಂದೇ ಸಮಯಕ್ಕೆ ನಾಲ್ಕು ಜನರಿಗೂ ಒಳ್ಳೆ ನೆಟ್‌ವರ್ಕ್ ಬೇಕು. ಗುಡ್ಡದ ಮೇಲೆ ಕೊಡೆ ಹಿಡಿದು ಆನ್‌ಲೈನ್ ಕ್ಲಾಸ್ ಕೇಳಿದವರು ನಾವು. 2021ರಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಬೋರ್ಡ್ ಹಿಡಿದ ಜಿಲ್ಲೆ ಇದು. ಕ್ಲಾಶ್ ನಮಗೆ ಸರಿ ಹೋಯಿತು. ನಿನಗೆ ಸಿಗ್ನಲ್ ಸಿಕ್ಕಾಗ ನೀನು ಆಡು, ನನಗೆ ಸಿಕ್ಕಾಗ ನಾನು.

ಸರಿ, ಕಿಕ್ ಮಾಡಿದ ಮರುದಿನಕ್ಕೆ ಬರೋಣ.

ಬೆಳಗ್ಗೆ ಅಮ್ಮನ ಎದುರು ಗೊಣಗಿದೆ. ಅವರಿಗೆ ಆಟ ಗೊತ್ತಿಲ್ಲ, ಆದರೆ ತೀರ್ಥಹಳ್ಳಿ ಹುಡುಗ ಗೊತ್ತು, ಮನೆಗೆ ಬಂದು ಉಂಡು ಹೋದವನು. ಕೇಳಿದ್ದು ಒಂದೇ ಪ್ರಶ್ನೆ: ‘ಅವ್ನ ಮನೆಗೊಂದು ಫೋನ್ ಹಚ್ಚಕ್ಕೆ ಏನಾಗಿತ್ತಾ ನಿಂಗೆ?’

ಫೋನ್ ಮಾಡಿದೆ. ಸ್ವಿಚ್ ಆಫ್. ಮೂರು ದಿನ ಮಾಡಿದೆ, ಮೂರು ದಿನವೂ ಅದೇ.

ಆ ವರ್ಷ ನೆನಪಿರಬಹುದು. ಜೂನ್ ಪೂರ್ತಿ ಮಳೆ ಕೈಕೊಟ್ಟಿತ್ತು. ಜುಲೈ ಕೊನೆಗೆ ಒಂದೇ ಸಲ ಸುರಿಯಿತು. ಅವರ ಊರಿನ ಲೈನ್ ಮೇಲೆ ಮರ ಬಿದ್ದು ಕರೆಂಟ್ ಇಲ್ಲ. ಕರೆಂಟ್ ಇಲ್ಲದ ಮೇಲೆ ಟವರ್‌ನ ಬ್ಯಾಟರಿ ಎಷ್ಟು ಹೊತ್ತು? ಅವನು ಮೊದಲ ಅಟ್ಯಾಕ್ ಮಾಡಿದ್ದ. ಎರಡನೆಯದಕ್ಕೆ ಮುಂಚೆ ಎಲ್ಲ ಹೋಯಿತು. ಒಂಬತ್ತು ದಿನದ ಮೇಲೆ ಚಾರ್ಜ್ ಮಾಡಿ ಆಟ ತೆರೆದರೆ ಕ್ಲಾನೇ ಇಲ್ಲ.

‘ಪರವಾಗಿಲ್ಲ ಅಣ್ಣ’ ಅಂದ. ಬೈದಿದ್ದರೆ ವಾಸಿ ಇತ್ತು.

ತುಮರಿ ಹುಡುಗನ ಕತೆ ಇನ್ನೂ ಸುಲಭ. ಶರಾವತಿ ಹಿನ್ನೀರಿನ ಆಚೆ ದಡ. ಸಿಗಂದೂರು ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈನಲ್ಲಿ, ಆಗಿನ್ನೂ ಲಾಂಚ್ ಕಾಲ. ಮಳೆ ಸ್ವಲ್ಪ ಹೊಳವಾದ ಎರಡು ದಿನ ಸಿಕ್ಕಿತ್ತು. ಅಡಿಕೆಗೆ ಮದ್ದು ಹೊಡೆಯಬೇಕು. ಮೈಲುತುತ್ತ, ಸುಣ್ಣ ಕಲಸುವುದು, ಡ್ರಮ್ ತುಂಬಿಸುವುದು, ಮರ ಹತ್ತುವ ಕೊನೆಗಾರನಿಗೆ ಪೈಪ್ ಎಳೆದುಕೊಡುವುದು. ಹೊಳ ತಪ್ಪಿಸಿಕೊಂಡರೆ ಕೊಳೆ ರೋಗ ಬಂದು ಕಾಯಿ ಉದುರುತ್ತದೆ, ವರ್ಷದ ಅನ್ನವೇ ಹೋಗುತ್ತದೆ. ಆ ಹೊತ್ತಿನಲ್ಲಿ ಯಾರು ಡ್ರ್ಯಾಗನ್ ಬಿಡುತ್ತಾ ಕೂರುತ್ತಾರೆ?

ಅವನ ತಪ್ಪೂ ಇದೆ. ವಾರ್‌ಗೆ ‘ನಾನು ಬರಲ್ಲ’ ಅಂತ ಹೇಳುವ ಗುಂಡಿ ಆಟದಲ್ಲೇ ಇದೆ. ಪ್ರೊಫೈಲ್‌ನಲ್ಲಿ ಹಸಿರು ಗುರಾಣಿ ಅಂದರೆ ಇದ್ದೇನೆ, ಕೆಂಪು ಅಂದರೆ ಬಿಡಿ. ಕೆಂಪು ಒತ್ತಲು ಎರಡು ಸೆಕೆಂಡ್ ಸಾಕು. ಅವನು ಹಸಿರಲ್ಲೇ ಬಿಟ್ಟು ತೋಟಕ್ಕೆ ಹೋದ.

[ದೃಶ್ಯ: ಮಲೆನಾಡಿನ ಹಳೆ ದೊಡ್ಡ ಮನೆ. ಬಾಗಿಲಿಗೆ ಬೀಗ. ಅಂಗಳದಲ್ಲಿ ಪಾಚಿ.]

ಈಗ ಮೂರನೆಯವರು. ಬೆಂಗಳೂರಿನ ಸೀನಿಯರ್. ಕ್ಲಾನ್ ಕಟ್ಟಿದವರೇ ಅವರು. ಕೆಲಸ ಸಿಕ್ಕಿತು, ಮದುವೆ ಆಯಿತು, ಲೀಡರ್ ಪಟ್ಟ ನನಗೆ ಕೊಟ್ಟು ಕೋ-ಲೀಡರ್ ಆಗಿ ಉಳಿದರು. ಬೇಸ್ ಮಾತ್ರ ಭರ್ಜರಿ. ಟೌನ್ ಹಾಲ್ 15, ಅಂದರೆ ಬೇಸ್‌ನ ಮಟ್ಟ 15, ಆಗ ಅದೇ ಅತಿ ದೊಡ್ಡದು. ಆದರೆ ಐದು ತಿಂಗಳಿಂದ ಒಂದು ಅಟ್ಯಾಕ್ ಇಲ್ಲ. ನಮ್ಮ ಕಡೆ ಇಂಥ ಮನೆಗಳಿವೆಯಲ್ಲ, ನಾಲ್ಕು ಅಂಕಣ, ಕೆತ್ತನೆ ಕಂಬ, ಮಕ್ಕಳೆಲ್ಲ ಬೆಂಗಳೂರಲ್ಲಿ, ಬಾಗಿಲಿಗೆ ಬೀಗ. ಹಾಗೆ.

‘ಇರಲಿ ಬಿಡು, ದೊಡ್ಡ ಬೇಸ್, ಎದುರಿನವರಿಗೆ ಒಡೆಯೋದು ಕಷ್ಟ’ ಅಂತ ನಾನೇ ಪ್ರತಿ ಸಲ ಅವರನ್ನು ವಾರ್‌ಗೆ ಸೇರಿಸುತ್ತಿದ್ದೆ. ಇಲ್ಲಿ ಜಾಸ್ತಿ ಲೀಡರ್‌ಗಳು ಎಡವುತ್ತಾರೆ, ಸ್ವಲ್ಪ ನಿಧಾನವಾಗಿ ಕೇಳಿ.

ವಾರ್‌ಗೆ ಎದುರಾಳಿಯನ್ನು ಹುಡುಕುವಾಗ ಆಟ ನಿಮ್ಮ ಪಟ್ಟಿಯಲ್ಲಿರುವ ಬೇಸ್‌ಗಳ ಬಲ ನೋಡುತ್ತದೆ. ಆ ಬೇಸ್‌ನ ಮಾಲೀಕ ಎದ್ದಿದ್ದಾನಾ, ಮಲಗಿದ್ದಾನಾ ಅಂತ ಅದಕ್ಕೆ ಗೊತ್ತಿಲ್ಲ. ಹಾಗಾಗಿ ನಮ್ಮ ಬೀಗ ಹಾಕಿದ ದೊಡ್ಡ ಮನೆಗೆ ಸಮನಾಗಿ ಎದುರು ಕಡೆ ಒಬ್ಬ ಬಲಶಾಲಿ ಬರುತ್ತಾನೆ. ಅವನು ನಿಜವಾಗಿಯೂ ಆಡುತ್ತಾನೆ. ಎರಡೂ ಅಟ್ಯಾಕ್ ಮಾಡಿ ನಮ್ಮವರನ್ನು ಒಡೆಯುತ್ತಾನೆ. ಅವನ ಬೇಸ್ ಮುಟ್ಟಲು ನಮ್ಮಲ್ಲಿ ಯಾರಿಗೂ ಆಗಲ್ಲ, ಯಾಕೆಂದರೆ ಅಷ್ಟು ಬಲ ಇರುವವರು ಮಲಗಿದ್ದಾರೆ. ನಷ್ಟ ಎರಡೇ ಅಟ್ಯಾಕ್ ಅಂದುಕೊಂಡಿದ್ದೆ. ಹಾಗಲ್ಲ. ಖಾಲಿ ಮನೆ ತೋರಿಸಿ ದೊಡ್ಡ ಶತ್ರುವನ್ನು ಕರೆಸಿಕೊಂಡ ಹಾಗೆ. ದಿನಾ ಬರುವ ಟೌನ್ ಹಾಲ್ 10ರ ಹುಡುಗ ಇದಕ್ಕಿಂತ ಎಷ್ಟೋ ಮೇಲು.

ಅವರನ್ನು ತೆಗೆದಿದ್ದು ಸರಿ ಅನ್ನಲು ಇನ್ನೊಂದು ಕಾರಣ ಇದೆ. ಕೋ-ಲೀಡರ್‌ಗೆ ವಾರ್ ಶುರು ಮಾಡುವ, ಜನರನ್ನು ಕಿಕ್ ಮಾಡುವ ಅಧಿಕಾರ ಇರುತ್ತದೆ. ಒಮ್ಮೆ ಇವರ ಅಕ್ಕನ ಮಗ ಫೋನ್ ಹಿಡಿದು, ಈ ಗುಂಡಿ ಒತ್ತಿದರೆ ಏನಾಗುತ್ತದೆ ಅಂತ ನೋಡಲು ಮೂರು ಜನರನ್ನು ಹೊರಗೆ ಹಾಕಿದ್ದ. ಅದರಲ್ಲಿ ಒಬ್ಬರು ನಮ್ಮ ಮೇಷ್ಟ್ರು, ಕ್ಲಾನ್‌ನಲ್ಲಿ ಎಲ್ಲರಿಗಿಂತ ಹಿರಿಯರು. ಅವರಿಗೆ ಸಮಾಧಾನ ಹೇಳಲು ನಾನು ಎರಡು ಮಸಾಲೆ ದೋಸೆ ಕೊಡಿಸಬೇಕಾಯಿತು.

[ದೃಶ್ಯ: ಅಡಿಕೆ ಸುಲಿಯುತ್ತಿರುವ ಕೈಗಳು. ಮೆಟ್ಟುಗತ್ತಿ. ಸಿಪ್ಪೆ ರಾಶಿ.]

ಮುಯ್ಯಾಳು ಅಂತ ಕೇಳಿರುತ್ತೀರಿ. ನಿಮ್ಮ ಗದ್ದೆ ನಾಟಿಗೆ ಇವತ್ತು ನಮ್ಮ ಮನೆಯವರು, ನಮ್ಮ ನಾಟಿಗೆ ನಾಳೆ ನಿಮ್ಮ ಮನೆಯವರು. ದುಡ್ಡಿನ ಲೆಕ್ಕ ಇಲ್ಲ, ಆಳಿನ ಲೆಕ್ಕ. ಕ್ಲಾನ್‌ನಲ್ಲಿ ಒಬ್ಬರಿಗೊಬ್ಬರು ಸೈನ್ಯ ಕೊಡುತ್ತೇವಲ್ಲ, ಡೊನೇಶನ್, ಅದೂ ಪಕ್ಕಾ ಮುಯ್ಯಿ.

ಮುಯ್ಯಾಳು ಬರದಿದ್ದರೆ ಏನು ಮಾಡುತ್ತಿದ್ದರು ಅಂತ ಅಮ್ಮನ್ನ ಕೇಳಿದೆ. ‘ಬರಕ್ಕಾಗಲ್ಲ ಅಂತ ಹಿಂದಿನ ರಾತ್ರಿನೇ ಹೇಳಿ ಕಳಿಸೋರು. ಹೇಳಿ ಕಳಿಸ್ದೇ ಇದ್ರೆ ಏನೋ ಆಗಿದೆ ಅಂತ ಲೆಕ್ಕ, ಒಬ್ರು ಹೋಗಿ ನೋಡ್ಕೊಂಡು ಬರೋರು.’ ಬೈಯುತ್ತಿರಲಿಲ್ವಾ? ‘ಎರಡು ವರ್ಷ ಹೀಗೇ ಮಾಡಿದ್ರೆ ಮೂರನೇ ವರ್ಷ ಕರೀತಿರ್ಲಿಲ್ಲ ಅಷ್ಟೆ.’

ನಾನು ಮಾಡಿದ್ದು ಉಲ್ಟಾ. ನೋಡಿಕೊಂಡು ಬರುವುದಕ್ಕೆ ಮೊದಲೇ ಕರೆಯುವುದು ನಿಲ್ಲಿಸಿದ್ದೆ.

ಈಗ ನಮ್ಮಲ್ಲಿ ಹೇಗೆ ನಡೆಯುತ್ತದೆ ಹೇಳುತ್ತೇನೆ. ಯಾರಾದರೂ ಒಂದು ವಾರ್ ತಪ್ಪಿಸಿದರೆ ಗ್ರೂಪ್‌ನಲ್ಲಿ ಹೆಸರು ಎತ್ತುವುದಿಲ್ಲ. ಒಬ್ಬರು ಅವರಿಗೇ ಮೆಸೇಜ್ ಹಾಕುತ್ತಾರೆ. ಮಾತು ಹೇಗಿರಬೇಕು ಅನ್ನೋದು ಮುಖ್ಯ. ‘ಅಟ್ಯಾಕ್ ಯಾಕೆ ಮಾಡಿಲ್ಲ?’ ಅಂತ ಕೇಳಿದರೆ ನೆಪ ಬರುತ್ತದೆ. ‘ಎಂತ ಮಾರಾಯ, ಪತ್ತೆನೇ ಇಲ್ಲ, ಆರಾಮಾ?’ ಅಂತ ಕೇಳಿದರೆ ನಿಜ ಬರುತ್ತದೆ. ಮೇಷ್ಟ್ರಿಗಾದರೆ ‘ಮೇಷ್ಟ್ರೇ, ಆರಾಮಿದ್ದೀರಾ?’ ಅಷ್ಟೇ. ಉತ್ತರ ಬರುವವರೆಗೆ ಅವರನ್ನು ವಾರ್ ಪಟ್ಟಿಗೆ ಹಾಕುವುದಿಲ್ಲ, ಕಿಕ್ ಕೂಡ ಮಾಡುವುದಿಲ್ಲ. ಎರಡು ವಾರ ಕಳೆದರೂ ಉತ್ತರ ಇಲ್ಲ, ಫೋನ್‌ಗೂ ಸಿಗಲಿಲ್ಲ ಅಂದರೆ ಅಟ್ಟಕ್ಕೆ.

ಅಟ್ಟ ಅಂದರೆ ನಮ್ಮ ಎರಡನೇ ಕ್ಲಾನ್. ಹೆಸರೇ ಅಟ್ಟ. ಮನೆಯಲ್ಲಿ ಈಗ ಬೇಡದ್ದನ್ನು ಬಿಸಾಡದೆ ಮೇಲಿಡುತ್ತೇವಲ್ಲ, ಹಾಗೆ. ಮಲಗಿರುವವರನ್ನು ನಾವೇ ಎತ್ತಿ ಅಲ್ಲಿ ಹಾಕಲು ಆಟದಲ್ಲಿ ಆಗುವುದಿಲ್ಲ. ಇಲ್ಲಿಂದ ಕಿಕ್ ಮಾಡಿ, ಅಲ್ಲಿಗೆ ಆಹ್ವಾನ ಕಳಿಸಬೇಕು. ಎದ್ದ ದಿನ ಅವರೇ ಒಪ್ಪಿಕೊಂಡು ಬರುತ್ತಾರೆ. ಕಿಕ್ ಮಾಡುವಾಗ ಒಂದು ಸಾಲು ಬರೆಯುವ ಜಾಗ ಇದೆ, ಅದನ್ನು ಖಾಲಿ ಬಿಡಬೇಡಿ. ನಾವು ಬರೆಯೋದು: ‘ಜಾಗ ಬೇಕಿತ್ತು, ಸಿಟ್ಟಿಲ್ಲ, ಬಂದಾಗ ಅಟ್ಟಕ್ಕೆ ಬಾ.’ ಬೇಸ್‌ಗೆ ಏನೂ ಆಗಲ್ಲ, ಕಟ್ಟಿದ್ದೆಲ್ಲ ಹಾಗೇ ಇರುತ್ತದೆ. ಎಷ್ಟೋ ಜನ ಎಲ್ಲ ಹೋಯಿತು ಅಂತ ಹೆದರುತ್ತಾರೆ, ಅದನ್ನೂ ಹೇಳಿಬಿಡಿ.

ವಾರ್ ನಡುವೆ ಮಾತ್ರ ಕಿಕ್ ಮಾಡಲೇಬೇಡಿ. ಅವರ ಬೇಸ್ ವಾರ್ ಮ್ಯಾಪ್‌ನಲ್ಲಿ ಹಾಗೇ ಇರುತ್ತದೆ, ಬದಲಿ ಜನ ಹಾಕಲು ಬರುವುದಿಲ್ಲ. ಕೊನೆ ಗಳಿಗೆಯಲ್ಲಿ ಬಂದು ಹೊಡೆಯುವ ಅವಕಾಶವನ್ನೂ ನೀವೇ ಕಿತ್ತುಕೊಂಡ ಹಾಗೆ.

ಗುರುತು ಹಿಡಿಯುವುದು ಹೇಗೆ? ಡೊನೇಶನ್ ಸಂಖ್ಯೆ ಸೊನ್ನೆ ಇದ್ದರೆ ಮಲಗಿದ್ದಾರೆ ಅಂತ ಕೆಲವರ ಲೆಕ್ಕ. ಆ ಸಂಖ್ಯೆ ಸೀಸನ್, ಅಂದರೆ ಆಟದ ತಿಂಗಳ ಸುತ್ತು, ಬದಲಾದಾಗ ಮತ್ತೆ ಸೊನ್ನೆಗೆ ಬರುತ್ತದೆ, ಸೀಸನ್‌ನ ಮೊದಲ ದಿನ ನೋಡಿದರೆ ಎಲ್ಲರೂ ಸತ್ತ ಹಾಗೆ ಕಾಣುತ್ತಾರೆ. ಕ್ಲಾನ್ ಗೇಮ್ಸ್ (ಕ್ಲಾನ್‌ನವರೆಲ್ಲ ಸೇರಿ ಮುಗಿಸುವ ಸವಾಲುಗಳು) ಅಂಕ, ವಾರ್ ದಾಖಲೆ ಜೊತೆಗಿಟ್ಟು ನೋಡಿ. ತೀರ್ಥಹಳ್ಳಿ ಹುಡುಗನ ವಿಷಯದಲ್ಲಿ ನನ್ನ ಕಣ್ಣೆದುರೇ ಸುಳಿವಿತ್ತು. ಎರಡರಲ್ಲಿ ಒಂದು ಅಟ್ಯಾಕ್ ಮಾಡಿದ್ದ. ಒಂದು ಮಾಡಿದವನು ಸೋಮಾರಿ ಅಲ್ಲ, ಅವನಿಗೆ ಏನೋ ಅಡ್ಡ ಬಂದಿದೆ.

ಇನ್ನು ನಿಜವಾಗಿಯೂ ಕಳ್ಳಾಟ ಆಡುವವರೂ ಇದ್ದಾರೆ. ಗುರಾಣಿ ಹಸಿರು, ಸೈನ್ಯ ಕೇಳಲು ದಿನಾ ಹಾಜರು, ವಾರ್ ದಿನ ಮಾಯ. ಮೊದಲೆಲ್ಲ ‘ಆರ್ಮಿ ರೆಡಿ ಇರಲಿಲ್ಲ’ ಅನ್ನುತ್ತಿದ್ದರು. 2025ರ ಮಾರ್ಚ್‌ನಲ್ಲಿ ಸೈನ್ಯ ತಯಾರಿಗೆ ಕಾಯುವುದೇ ತೆಗೆದುಹಾಕಿದರು, ಆ ನೆಪವೂ ಹೋಯಿತು. ಇಂಥವರಿಗೆ ಫೋನ್ ಒಂದು ಸಲ, ಆಮೇಲೆ ಅಟ್ಟವೂ ಇಲ್ಲ.

[ದೃಶ್ಯ: ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್. ಪೆನ್ನಿನ ಗುರುತುಗಳು.]

ನಮ್ಮ ಕ್ಲಾನ್‌ಗೆ ಎಲ್ಲಕ್ಕಿಂತ ಉಪಯೋಗ ಆಗಿದ್ದು ಈ ಕ್ಯಾಲೆಂಡರ್. ಜೂನ್, ಜುಲೈ, ಆಗಸ್ಟ್: ಮದ್ದು, ನಾಟಿ, ಕರೆಂಟ್ ಇಲ್ಲ. ನವೆಂಬರ್‌ನಿಂದ ಜನವರಿ: ಅಡಿಕೆ ಕೊಯ್ಲು, ರಾತ್ರಿ ಸುಲಿಯುವುದು. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯವರು ಇಲ್ಲ. ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಕಾಂಬಾ ಜಾತ್ರೆ ಬಂದಾಗ ಸಾಗರದವರನ್ನು ಕೇಳಲೇಬೇಡಿ. ಪರೀಕ್ಷೆ ಬೇರೆ. ಈ ತಿಂಗಳುಗಳಲ್ಲಿ 15 ಜನರ ವಾರ್ ಬಿಟ್ಟು 10 ಅಥವಾ 5 ಜನರದ್ದು ಹಾಕುತ್ತೇವೆ. ವಾರ್ ಲೀಗ್ ಅಂತ ಕ್ಲಾನ್‌ಗಳ ಪಂದ್ಯಾವಳಿ ಇದೆ, ಅದರಲ್ಲಿ ಏಳು ದಿನ, ದಿನಕ್ಕೆ ಒಬ್ಬರಿಗೆ ಒಂದೇ ಅಟ್ಯಾಕ್. ಅಲ್ಲಿ ಸೇರಿಸಿಕೊಂಡವರ ಒಳಗೇ ದಿನಾ ಪಟ್ಟಿ ಬದಲಿಸಬಹುದು. ಅದಕ್ಕೆ ನಾಲ್ಕೈದು ಜನರನ್ನು ಹೆಚ್ಚಿಗೆ ಸೇರಿಸಿಕೊಳ್ಳುತ್ತೇವೆ.

ಸಮಯವೂ ಬದಲಿಸಿದೆವು. ಮೊದಲು ರಾತ್ರಿ ಒಂಬತ್ತಕ್ಕೆ ಎದುರಾಳಿ ಹುಡುಕುತ್ತಿದ್ದೆ. ಹೊಡೆದಾಟ ಮುಗಿಯುವುದು ಮೂರನೇ ದಿನ ರಾತ್ರಿ ಎಂಟಕ್ಕೆ. ಎಲ್ಲರೂ ಕೊನೆ ಗಂಟೆಗೆ ಇಡುತ್ತಿದ್ದರು, ಸಂಜೆ ಗುಡುಗು, ಕರೆಂಟ್ ಢಮಾರ್. ಈಗ ಮಧ್ಯಾಹ್ನ ಹನ್ನೆರಡಕ್ಕೆ ಶುರು ಮಾಡುತ್ತೇವೆ, ಮುಗಿಯುವುದು ಬೆಳಗ್ಗೆ ಹನ್ನೊಂದಕ್ಕೆ. ರಾತ್ರಿ ಆಗದವರು ಪೇಟೆಗೆ ಬಂದಾಗ ಬಸ್‌ಸ್ಟ್ಯಾಂಡ್‌ನಲ್ಲಿ ನಿಂತು ಹೊಡೆಯುತ್ತಾರೆ.

ಬಿಜಿಎಂಐ, ಅಂದರೆ ಪಬ್‌ಜಿಯ ಭಾರತದ ರೂಪ, ಆಡುವವರಿಗೆ ಈ ಅಟ್ಟ ಗಿಟ್ಟ ನಡೆಯಲ್ಲ, ಅಲ್ಲಿ ನಾಲ್ವರಲ್ಲಿ ಒಬ್ಬ ನಿಂತಲ್ಲೇ ನಿಂತರೆ ಆ ಕ್ಷಣವೇ ಕತೆ ಮುಗಿಯಿತು. ಅದಕ್ಕೆ ಬೇರೆ ವಿಡಿಯೋ ಮಾಡುತ್ತೇನೆ.

ಬೆಂಗಳೂರಿನ ಸೀನಿಯರ್‌ಗೂ ಫೋನ್ ಮಾಡಿದ್ದೆ. ‘ತೆಗೆದಿದ್ದು ಒಳ್ಳೇದಾಯ್ತು ಕಣೋ, ನಂಗೇ ಬಿಡಕ್ಕೆ ಮನಸ್ಸಿರಲಿಲ್ಲ’ ಅಂದರು. ಈಗ ಅಟ್ಟದಲ್ಲಿದ್ದಾರೆ. ದೀಪಾವಳಿಗೆ ಊರಿಗೆ ಬಂದಾಗ ಎರಡು ದಿನ ಆಡುತ್ತಾರೆ, ಹೋಗುತ್ತಾರೆ. ತೀರ್ಥಹಳ್ಳಿ ಹುಡುಗನನ್ನು ವಾಪಸ್ ಕರೆದುಕೊಂಡೆ, ಕೋ-ಲೀಡರ್ ಮಾಡಿದೆ. ತಪ್ಪಿಸಿದವರಿಗೆ ಮೆಸೇಜ್ ಹಾಕುವ ಕೆಲಸ ಅವನದ್ದೇ.

[ಫೋನ್ ರಿಂಗ್. ನಿರೂಪಕ ಸ್ಕ್ರೀನ್ ನೋಡಿ, ಸ್ಪೀಕರ್‌ಗೆ ಹಾಕುತ್ತಾನೆ.]

‘ಎಂತ ಅಣ್ಣ, ಪತ್ತೆನೇ ಇಲ್ಲ, ಆರಾಮಾ?’

ಆರಾಮ ಮಾರಾಯ. ವಿಡಿಯೋ ಮಾಡ್ತಿದ್ದೆ.

‘ಮಾಡಿ ಮಾಡಿ. ಇನ್ನು ಇಪ್ಪತ್ತು ನಿಮಿಷ ಇದೆ. ನಿಮ್ದು ಎರಡೂ ಬಾಕಿ.’

[ನಿರೂಪಕ ಕ್ಯಾಮೆರಾ ಆಫ್ ಮಾಡಲು ಕೈ ಚಾಚುತ್ತಾನೆ.]