ಮುಂದಿನ 40 ಸೆಕೆಂಡು

ಕೇಳುಗರೇ, ನಮಸ್ಕಾರ.

2015ರ ಜನವರಿ 18. ಅಮೆರಿಕದ ಸಿಯಾಟಲ್ ನಗರದಲ್ಲಿ ಸೀಹಾಕ್ಸ್ ಮತ್ತು ಗ್ರೀನ್ ಬೇ ಪ್ಯಾಕರ್ಸ್ ತಂಡಗಳ ನಡುವೆ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಗೆದ್ದವರು ಸೂಪರ್ ಬೌಲ್ ಎನ್ನುವ ಅಂತಿಮ ಪಂದ್ಯಕ್ಕೆ, ಸೋತವರು ಮನೆಗೆ. ಸೀಹಾಕ್ಸ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವರು, ರಸೆಲ್ ವಿಲ್ಸನ್. ಅವರು ಆ ದಿನ ಎಸೆದ ಚೆಂಡುಗಳಲ್ಲಿ ನಾಲ್ಕನ್ನು ಎದುರಾಳಿಗಳು ಹಿಡಿದುಬಿಟ್ಟರು. ಆ ನಾಲ್ಕೂ ಜರ್ಮೇನ್ ಕೀರ್ಸ್ ಎಂಬ ಒಬ್ಬರೇ ಜೊತೆಗಾರನಿಗೆಂದು ಎಸೆದವು. ನಾಲ್ಕನೆಯದು ಕೀರ್ಸ್ ಕೈಗೆ ತಗುಲಿ ಮೇಲೆ ಚಿಮ್ಮಿ ಪರರ ಪಾಲಾದಾಗ ಉಳಿದಿದ್ದದ್ದು ಐದೇ ನಿಮಿಷ. ಸೀಹಾಕ್ಸ್ 7, ಪ್ಯಾಕರ್ಸ್ 19. ಆ ಐದು ನಿಮಿಷದಲ್ಲಿ ಸೀಹಾಕ್ಸ್ ಎದ್ದು ನಿಂತಿತು. 22–22ರ ಸಮಬಲದಲ್ಲಿ ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಅಲ್ಲಿ ವಿಲ್ಸನ್ ಎಸೆದ 35 ಗಜದ ಚೆಂಡು ನೇರವಾಗಿ ಗೆಲುವಿನ ಟಚ್‌ಡೌನ್ ಆಯಿತು, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ತಂದಿತು. ಯಾರಿಗೆ ಎಸೆದರು? ಅದೇ ಕೀರ್ಸ್‌ಗೆ.

ನಾಲ್ಕು ಸಲ ಕೈಕೊಟ್ಟ ದಾರಿಯಲ್ಲೇ ಮತ್ತೊಮ್ಮೆ ಚೆಂಡು ಕಳಿಸುವ ಎದೆಗಾರಿಕೆ ಎಲ್ಲಿಂದ ಬರುತ್ತದೆ? ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ನಮ್ಮಲ್ಲಿ ಫುಟ್‌ಬಾಲ್ ಎಂದರೆ ಕಾಲಲ್ಲಿ ಒದೆಯುವ ಆಟ. ಅಮೆರಿಕದವರು ಅದೇ ಹೆಸರಿನ ತಮ್ಮ ಆಟವನ್ನು ಹೆಚ್ಚಾಗಿ ಕೈಯಲ್ಲೇ ಆಡುತ್ತಾರೆ. ತಂಡಕ್ಕೆ 11 ಜನ, ಗೆರೆಯಿಂದ ಗೆರೆಗೆ 100 ಗಜದ ಅಂಗಳ, 10 ಗಜ ಮುಂದೆ ಹೋಗಲು ನಾಲ್ಕು ಯತ್ನ. ಪ್ರತಿ ಯತ್ನದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಎಂದು ಅವರೇ ತೀರ್ಮಾನಿಸಬೇಕು, ಅದೂ ಸುಮಾರು ಎರಡೂವರೆ, ಮೂರು ಸೆಕೆಂಡಿನಲ್ಲಿ. ಆ ಹೊತ್ತಿನಲ್ಲಿ 120, 130 ಕಿಲೋ ತೂಕದ ಆಳುಗಳು ಅವರನ್ನು ಕೆಡವಲು ನುಗ್ಗುತ್ತಿರುತ್ತಾರೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಕಣ್ಣಿಗೆ ಅಷ್ಟಾಗಿ ಬೀಳದ ಒಂದು ಅವಧಿಯನ್ನು ಹತ್ತಿರದಿಂದ ನೋಡೋಣ. ಒಂದು ಯತ್ನ ಮುಗಿದ ಕೂಡಲೇ ಗಡಿಯಾರದಲ್ಲಿ 40 ಸೆಕೆಂಡು ಶುರುವಾಗುತ್ತದೆ. ಅಷ್ಟರೊಳಗೆ ಮುಂದಿನ ಯತ್ನ ಆರಂಭವಾಗದಿದ್ದರೆ 5 ಗಜದ ದಂಡ. ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ಟಿನೊಳಗೆ ಪುಟ್ಟ ಸ್ಪೀಕರ್ ಇರುತ್ತದೆ. 1994ರಿಂದ ಬಂದ ಏರ್ಪಾಡು ಇದು. ತರಬೇತುದಾರರು ಅದರ ಮೂಲಕ ಮುಂದಿನ ಆಟದ ಹೆಸರು ಹೇಳುತ್ತಾರೆ. ಗಡಿಯಾರ 15 ಸೆಕೆಂಡಿಗೆ ಇಳಿದಾಗ ಆ ದನಿ ಕಡಿದುಹೋಗುತ್ತದೆ. ಉಳಿದ 15 ಸೆಕೆಂಡಿನಲ್ಲಿ ಆತ ಒಂಟಿ.

ಮನಸ್ಸು ಗಟ್ಟಿಯೋ ಟೊಳ್ಳೋ ಎಂಬುದು ತಿಳಿಯುವುದು ಈ 40 ಸೆಕೆಂಡಿನಲ್ಲಿ. ಪಳಗಿದ ಕ್ವಾರ್ಟರ್‌ಬ್ಯಾಕ್ ಇದನ್ನು ಹೇಗೆ ಕಳೆಯುತ್ತಾರೆ ನೋಡಿ. ಮೊದಲ ಐದಾರು ಸೆಕೆಂಡಿನಲ್ಲಿ ಹಿಂದಿನ ಯತ್ನದ ಲೆಕ್ಕ ಚುಕ್ತಾ ಆಗಬೇಕು. ಅವರು ತಮಗೆ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ತಪ್ಪಾದದ್ದು ಕಣ್ಣಿನದೋ, ಕಾಲಿನದೋ, ನಿರ್ಧಾರದ್ದೋ? ಉತ್ತರ ಒಂದು ವಾಕ್ಯ ಮೀರಬಾರದು. ‘ಸೇಫ್ಟಿ ಮುಂದಕ್ಕೆ ಬಂದದ್ದನ್ನು ನೋಡಲಿಲ್ಲ’, ಅಷ್ಟೇ. ಸೇಫ್ಟಿ ಎಂದರೆ ಎದುರಾಳಿಯ ಹಿಂಬದಿಯ ಕಾವಲುಗಾರ. ‘ಛೇ, ನಾನೇಕೆ ಹೀಗೆ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಆಮೇಲೆ ಉಸಿರು. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಕ್ಕೆ, ಬಾಯಿಂದ ಆರು ಎಣಿಸುವಷ್ಟು ಹೊರಕ್ಕೆ. ಹೊರಬಿಡುವ ಉಸಿರು ಉದ್ದವಾದಾಗ ಎದೆಬಡಿತ ತಗ್ಗುತ್ತದೆ, ಅದಕ್ಕೇ ಈ ಲೆಕ್ಕ. ಅಷ್ಟರಲ್ಲಿ ಕಿವಿಯಲ್ಲಿ ಆಟದ ಹೆಸರು ಬರುತ್ತದೆ. ಹತ್ತು ಹನ್ನೆರಡು ಪದಗಳ ಆ ಸರಪಳಿಯನ್ನು ಸುತ್ತ ನೆರೆದ ಹತ್ತು ಜನಕ್ಕೆ ತಡವರಿಸದೆ ಒಪ್ಪಿಸಬೇಕು. ಇಲ್ಲಿ ದನಿ ನಡುಗಿದರೆ ಹತ್ತೂ ಜನಕ್ಕೆ ಅದು ತಿಳಿಯುತ್ತದೆ.

ಚೆಂಡು ಇಟ್ಟ ಗೆರೆಯ ಬಳಿ ಬಂದು ನಿಂತ ಮೇಲೆ ಕಣ್ಣಿನ ಕೆಲಸ. ಅಂಗಳದ ಆಳದಲ್ಲಿ ಸೇಫ್ಟಿಗಳು ಒಬ್ಬರೋ ಇಬ್ಬರೋ? ಎದುರಾಳಿಯ ಮುಂದಿನ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳಲ್ಲಿ ನಡುವಿನವ ಯಾರು? ನುಗ್ಗುವವರು ಎಷ್ಟು ಜನ, ನಮ್ಮಲ್ಲಿ ತಡೆಯುವವರು ಎಷ್ಟು? ಒಬ್ಬ ಹೆಚ್ಚಿಗೆ ನುಗ್ಗಿದರೆ ಚೆಂಡನ್ನು ತಟ್ಟನೆ ಯಾರ ಕೈಗೆ ದಾಟಿಸಬೇಕು? ಈ ನಾಲ್ಕಕ್ಕೆ ಉತ್ತರ ಸಿಕ್ಕಿದರೆ ಭಯಕ್ಕೆ ಹೊತ್ತೇ ಉಳಿಯುವುದಿಲ್ಲ. ಮನಸ್ಸಿಗೆ ‘ಹೆದರಬೇಡ’ ಎಂದು ಎಷ್ಟು ಹೇಳಿದರೂ ಕೇಳದು. ಮಾಡಲು ಕೆಲಸ ಕೊಟ್ಟರೆ ಅದರ ಹಿಂದೆ ಹೋಗುತ್ತದೆ.

ವಿಲ್ಸನ್ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ ಟ್ರೆವರ್ ಮೋವಾಡ್ ಎಂಬ ಮಾನಸಿಕ ತರಬೇತುದಾರರು ಇದನ್ನು ತಟಸ್ಥ ಚಿಂತನೆ ಎಂದು ಕರೆಯುತ್ತಿದ್ದರು. ‘ಎಲ್ಲ ಒಳ್ಳೆಯದೇ ಆಗುತ್ತದೆ’ ಎಂದು ಬಲವಂತವಾಗಿ ನಂಬಿಸಿಕೊಳ್ಳುವುದನ್ನು ಅವರು ಹೇಳಿಕೊಡುತ್ತಿರಲಿಲ್ಲ. ನಾಲ್ಕು ಎಸೆತ ಕಳೆದುಕೊಂಡವನ ಬಳಿ ಆ ಮಾತು ನಿಲ್ಲುವುದೂ ಇಲ್ಲ, ಏಕೆಂದರೆ ಅದು ಸುಳ್ಳೆಂದು ಒಳಗಿನ ಮನಸ್ಸಿಗೆ ಗೊತ್ತು. ನಡೆದದ್ದು ನಡೆದಿದೆ, ಅದು ನಿಜ. ಆದರೆ ಮುಂದಿನದು ಇನ್ನೂ ನಡೆದಿಲ್ಲ, ಅದೂ ಅಷ್ಟೇ ನಿಜ. ಈಗ ಕಾಣುತ್ತಿರುವುದಕ್ಕೆ ಏನು ಮಾಡಬೇಕೋ ಅದನ್ನು ಮಾಡು. ಸಿಯಾಟಲ್‌ನ ಆ ಕೊನೆಯ ಯತ್ನದಲ್ಲಿ ಪ್ಯಾಕರ್ಸ್ ತಂಡ ಹಿಂದೆ ಕಾವಲಿಗೆ ಸೇಫ್ಟಿಯನ್ನು ಉಳಿಸಿಕೊಳ್ಳದೆ ಮುಂದೆ ಬಂದಿತ್ತು. ಕೀರ್ಸ್ ಎದುರಿಗಿದ್ದದ್ದು ಒಬ್ಬರೇ ಕಾವಲುಗಾರ. ಲೆಕ್ಕದ ಪ್ರಕಾರ ಚೆಂಡು ಹೋಗಬೇಕಾದದ್ದು ಅಲ್ಲಿಗೇ. ನಾಲ್ಕು ಸಲದ ನೋವು ಕಣ್ಣಿಗೆ ಅಡ್ಡ ಬಂದಿದ್ದರೆ ವಿಲ್ಸನ್‌ಗೆ ಆ ದಾರಿ ಕಾಣುತ್ತಲೇ ಇರಲಿಲ್ಲ.

ಈಗ ಕೆಡುವುದು ಹೇಗೆಂದು ನೋಡೋಣ. ನನ್ನ ಪ್ರಕಾರ ಕಲಿಯಬೇಕಾದದ್ದು ಹೆಚ್ಚಿಗೆ ಇರುವುದು ಇಲ್ಲಿಯೇ.

ಆತ್ಮವಿಶ್ವಾಸ ಮೊದಲು ಸೋರುವುದು ಕಾಲಿನಿಂದ. ಚೆನ್ನಾಗಿ ಆಡುವಾಗ ಕ್ವಾರ್ಟರ್‌ಬ್ಯಾಕ್ ಮೂರು, ಐದು ಅಥವಾ ಏಳು ಹೆಜ್ಜೆ ಹಿಂದಿಟ್ಟು ಕಾಲೂರಿ, ಮೊದಲ ಆಯ್ಕೆ, ಎರಡನೆಯದು, ಮೂರನೆಯದು ಎಂದು ಕಣ್ಣು ಹಾಯಿಸುತ್ತಾರೆ. ಹೆಜ್ಜೆಗೂ ಕಣ್ಣಿಗೂ ತಾಳ ಕೂಡಿರುತ್ತದೆ. ನಾಲ್ಕು ಪೆಟ್ಟು ಬಿದ್ದ ಮೇಲೆ ಕಾಲು ಕುಣಿಯಲು ಶುರುವಾಗುತ್ತದೆ, ಹಿಂಗಾಲಿನ ಮೇಲೆ ಭಾರ ಬೀಳುತ್ತದೆ, ಚೆಂಡು ಗುರಿ ಮೀರಿ ಮೇಲೆ ತೇಲುತ್ತದೆ. ತೇಲಿದ ಚೆಂಡು ಎದುರಾಳಿಯ ಬಾಯಿಗಿಟ್ಟ ತುತ್ತು. ಎರಡನೆಯದು ಕಣ್ಣು. ದೂರದ ಜೊತೆಗಾರರನ್ನು ನೋಡಬೇಕಾದ ಕಣ್ಣು ನುಗ್ಗಿ ಬರುವವರ ಮೇಲೆ ಇಳಿಯುತ್ತದೆ. ಒಮ್ಮೆ ಇಳಿದ ಕಣ್ಣನ್ನು ಅದೇ ಯತ್ನದಲ್ಲಿ ಮೇಲೆತ್ತುವುದು ಬಹಳ ಕಷ್ಟ. ಮೂರನೆಯದು ಕೈ. ಹಿಡಿತ ಬಿಗಿಯಾಗುತ್ತದೆ, ವರ್ಷಗಳಿಂದ ತಾನಾಗಿಯೇ ಆಗುತ್ತಿದ್ದ ಎಸೆತವನ್ನು ಮನಸ್ಸು ‘ಮೊಣಕೈ ಎಲ್ಲಿದೆ, ಬೆರಳು ಎಲ್ಲಿದೆ’ ಎಂದು ಬಿಡಿಬಿಡಿಯಾಗಿ ಗಮನಿಸತೊಡಗುತ್ತದೆ. ಮೆಟ್ಟಿಲಿಳಿಯುವಾಗ ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಟ್ಟರೆ ಎಡವುತ್ತೇವಲ್ಲ, ಹಾಗೆ.

ಇದನ್ನು ಬರೀ ಮನಸ್ಸಿನ ದೌರ್ಬಲ್ಯ ಎಂದು ತಳ್ಳಿಹಾಕುವುದು ಅನ್ಯಾಯ. ಕ್ವಾರ್ಟರ್‌ಬ್ಯಾಕ್ ಡೇವಿಡ್ ಕಾರ್ 2002ರಲ್ಲಿ, ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ ಇಡೀ ದೇಶದ ಮೊದಲ ಆಯ್ಕೆಯಾಗಿ ಹ್ಯೂಸ್ಟನ್ ಟೆಕ್ಸನ್ಸ್ ಎಂಬ ಹೊಸ ತಂಡಕ್ಕೆ ಬಂದರು. ಮುಂದೆ ನಿಂತು ತಡೆಯುವ ಸಾಲು ಬಲವಾಗಿರಲಿಲ್ಲ. ಆ ಒಂದೇ ಋತುವಿನಲ್ಲಿ ಅವರನ್ನು 76 ಸಲ ಚೆಂಡಿನ ಸಮೇತ ಕೆಡವಿದರು. ಒಂದು ಋತುವಿಗೆ ಅದೇ ದಾಖಲೆ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ತೆನಾಲಿ ರಾಮನ ಬೆಕ್ಕು ಆಮೇಲೆ ಹಾಲು ಕಂಡರೇ ಓಡಿತಂತೆ. ಅದರಲ್ಲಿ ಬೆಕ್ಕಿನ ತಪ್ಪೇನಿದೆ? ಕ್ವಾರ್ಟರ್‌ಬ್ಯಾಕ್‌ಗೆ ಧೈರ್ಯ ತುಂಬಲು ಹೊರಟ ತಂಡ ಮೊದಲು ಅವರ ಮುಂದೆ ನಿಲ್ಲುವ ಐವರನ್ನು ಸರಿಮಾಡಬೇಕು. ಭಾಷಣ ಆಮೇಲೆ.

ಸ್ಯಾಮ್ ಡಾರ್ನಾಲ್ಡ್ ಕಥೆ ಇನ್ನೊಂದು ಬಗೆಯದು. 2019ರ ಅಕ್ಟೋಬರ್ 21ರ ರಾತ್ರಿ ನ್ಯೂಯಾರ್ಕ್ ಜೆಟ್ಸ್ ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು 33–0 ಸೋತಿತು. ಡಾರ್ನಾಲ್ಡ್ ಎಸೆದ ನಾಲ್ಕು ಚೆಂಡು ಎದುರಾಳಿಯ ಪಾಲು. ಆ ದಿನ ಅವರ ಅಂಗಿಗೆ ಟಿವಿಯವರ ಮೈಕ್ ಸಿಕ್ಕಿಸಿತ್ತು. ಬೆಂಚಿನ ಮೇಲೆ ಕೂತು ‘ನನಗೆ ದೆವ್ವಗಳು ಕಾಣುತ್ತಿವೆ’ ಎಂದದ್ದು ದೇಶಕ್ಕೆಲ್ಲ ಕೇಳಿಸಿತು. ಜನ ನಕ್ಕರು. ಆದರೆ ಆಟ ಬಲ್ಲವರಿಗೆ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತಿತ್ತು. ಪೇಟ್ರಿಯಟ್ಸ್‌ನವರು ಗೆರೆಯ ಬಳಿ ಏಳೆಂಟು ಜನ ಒಟ್ಟಾಗಿ ನಿಲ್ಲುತ್ತಿದ್ದರು. ಒಮ್ಮೆ ಎಲ್ಲರೂ ನುಗ್ಗುತ್ತಿದ್ದರು, ಇನ್ನೊಮ್ಮೆ ಅರ್ಧ ಜನ ಹಿಂದಕ್ಕೆ ಸರಿದು ಎಸೆತದ ದಾರಿಯಲ್ಲೇ ನಿಲ್ಲುತ್ತಿದ್ದರು. ನುಗ್ಗುವವರು ಯಾರೆಂದು ಎಣಿಸಲಾಗದ ಕ್ವಾರ್ಟರ್‌ಬ್ಯಾಕ್‌ಗೆ ಇಲ್ಲದ ಕಡೆಯೂ ಆಳು ಕಾಣುತ್ತಾರೆ. ಹೆದರಿದವನ ಮೇಲೆ ಹಾವು ಎಸೆದಂತೆ, ಎದುರಾಳಿಗಳು ಅದನ್ನು ಕಂಡೊಡನೆ ಇನ್ನೂ ಹೆಚ್ಚು ನುಗ್ಗುತ್ತಾರೆ.

ಅದೇ ಡಾರ್ನಾಲ್ಡ್ ಆಮೇಲೆ ತಂಡ ಬದಲಿಸಿದರು. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡದಲ್ಲಿ ಎರಡನೆಯ ಆಳಾಗಿ ಒಂದು ವರ್ಷ ಕೂತು ನೋಡಿದರು. 2024ರಲ್ಲಿ ಮಿನೆಸೋಟ ವೈಕಿಂಗ್ಸ್ ತಂಡಕ್ಕೆ 17 ಪಂದ್ಯಗಳಲ್ಲಿ 14 ಗೆದ್ದುಕೊಟ್ಟರು. ಮನುಷ್ಯ ಅವರೇ, ತೋಳೂ ಅದೇ. ಗಟ್ಟಿತನ ಹುಟ್ಟಿನಿಂದ ಬರುತ್ತದೆ ಎನ್ನುವವರು ಇವರ ಆಟ ನೋಡಬೇಕು.

ಹಾಗಾದರೆ ಅದನ್ನು ಕಟ್ಟುವುದು ಎಲ್ಲಿ? ವಾರದ ನಡುವೆ, ಬಾಗಿಲು ಹಾಕಿದ ಕೋಣೆಯಲ್ಲಿ. ಭಾನುವಾರದ ಪಂದ್ಯಕ್ಕೆ ಸಾಮಾನ್ಯವಾಗಿ ಬುಧವಾರ ಮೊದಲೆರಡು ಯತ್ನಗಳ ಆಟಗಳ ಅಭ್ಯಾಸ, ಗುರುವಾರ ಮೂರನೆಯ ಯತ್ನದವು, ಶುಕ್ರವಾರ ಅಂಕದ ಗೆರೆಗೆ 20 ಗಜದೊಳಗಿನವು. ಅಭ್ಯಾಸದಲ್ಲಿ ದೊಡ್ಡ ಸ್ಪೀಕರ್ ಇಟ್ಟು ಪ್ರೇಕ್ಷಕರ ಗದ್ದಲ ಹಾಕುತ್ತಾರೆ, ಪರಸ್ಥಳದಲ್ಲಿ ಪಕ್ಕದವನ ಮಾತೂ ಕೇಳದಿದ್ದಾಗ ಸನ್ನೆಯಲ್ಲೇ ಆಟ ನಡೆಸಲು. ಸ್ಯಾನ್ ಫ್ರಾನ್ಸಿಸ್ಕೊ ತಂಡದ ತರಬೇತುದಾರ ಬಿಲ್ ವಾಲ್ಶ್ ಪಂದ್ಯದ ಆರಂಭದ ಆಟಗಳನ್ನು ಮೊದಲೇ ಬರೆದಿಟ್ಟು ಅದೇ ಕ್ರಮದಲ್ಲಿ ಆಡಿಸುವ ಪದ್ಧತಿಯನ್ನು ಹೆಸರುವಾಸಿ ಮಾಡಿದರು. ಎದೆ ಹೆಚ್ಚು ಹೊಡೆದುಕೊಳ್ಳುವ ಮೊದಲ ನಿಮಿಷಗಳಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಗೊತ್ತಿಲ್ಲದ ಆಟ ಒಂದೂ ಬರುವುದಿಲ್ಲ. ಇದಕ್ಕಿಂತ ಒಳ್ಳೆಯ ಔಷಧಿ ನನಗೆ ಕಾಣುವುದಿಲ್ಲ.

ಪೇಟನ್ ಮ್ಯಾನಿಂಗ್ 1998ರ ತಮ್ಮ ಮೊದಲ ಋತುವಿನಲ್ಲಿ 28 ಇಂಟರ್‌ಸೆಪ್ಷನ್, ಅಂದರೆ ಎದುರಾಳಿಯ ಕೈಸೇರಿದ ಚೆಂಡು, ಎಸೆದರು. ಹೊಸಬರಲ್ಲಿ ಅದು ದಾಖಲೆ. ಇಂಡಿಯಾನಾಪೊಲಿಸ್ ಕೋಲ್ಟ್ಸ್ 16 ಪಂದ್ಯದಲ್ಲಿ ಗೆದ್ದದ್ದು ಮೂರೇ. ಮರುವರ್ಷ ಅದೇ ತಂಡ 13 ಗೆದ್ದಿತು. ಮ್ಯಾನಿಂಗ್ ಎಂದರೆ ಇಂದಿಗೂ ಜನಕ್ಕೆ ನೆನಪಾಗುವುದು ಎದುರಾಳಿಗಳ ದೃಶ್ಯಗಳನ್ನು ಮತ್ತೆ ಮತ್ತೆ ನೋಡುವ ಅವರ ಹಟ. ನೋವನ್ನು ಬೇಗ ಮರೆಯಬೇಕು, ಅದರೊಳಗಿನ ಮಾಹಿತಿಯನ್ನು ಮರೆಯಬಾರದು. ಇವೆರಡನ್ನೂ ಒಟ್ಟಿಗೆ ಮರೆತವರು ಅದೇ ತಪ್ಪನ್ನು ಮತ್ತೆ ಮಾಡುತ್ತಾರೆ, ಎರಡನ್ನೂ ಹೊತ್ತುಕೊಂಡವರು ಕುಸಿಯುತ್ತಾರೆ.

ದೊಡ್ಡ ಹಿನ್ನಡೆಯಲ್ಲಿ ಮಾಡುವ ಸಾಮಾನ್ಯ ತಪ್ಪು, ಎಲ್ಲವನ್ನೂ ಒಂದೇ ಎಸೆತದಲ್ಲಿ ಹಿಂದಕ್ಕೆ ಪಡೆಯಲು ಹೋಗುವುದು. 2017ರ ಫೆಬ್ರವರಿ 5ರಂದು ಹ್ಯೂಸ್ಟನ್‌ನಲ್ಲಿ ಟಾಮ್ ಬ್ರೇಡಿಯ ಪೇಟ್ರಿಯಟ್ಸ್ ಅಟ್ಲಾಂಟ ಫಾಲ್ಕನ್ಸ್ ಎದುರು 28–3ರಿಂದ ಹಿಂದಿದ್ದರು. ಬ್ರೇಡಿ ಎಸೆದ ಒಂದು ಚೆಂಡನ್ನು ಎದುರಾಳಿ ಹಿಡಿದು 82 ಗಜ ಓಡಿ ಅಂಕ ಮಾಡಿದ್ದರು. ಅಂತರ 25. ಅದು ಕರಗಿದ್ದು ಹೀಗೆ: ಮೊದಲು ಒಂದು ಟಚ್‌ಡೌನ್, ಅದರ ಹೆಚ್ಚುವರಿ ಒದೆತ ಕಂಬಕ್ಕೆ ಬಡಿದು ಸಿಕ್ಕಿದ್ದು 6. ಆಮೇಲೆ ಅಂಕದ ಗೆರೆಯ ಹತ್ತಿರ ಬಂದರೂ ಬ್ರೇಡಿ ಎರಡು ಸಲ ಕೆಳಗೆ ಬಿದ್ದರು. ದುಡುಕದೆ ಫೀಲ್ಡ್ ಗೋಲ್, ಅಂದರೆ ಕಂಬಗಳ ನಡುವಿನ ಒದೆತ, ಒದೆಸಿ 3 ತೆಗೆದುಕೊಂಡರು. ಉಳಿದದ್ದು 16, ಅಂದರೆ ಎಂಟೆಂಟರ ಎರಡು ಕಂತು: ಟಚ್‌ಡೌನ್‌ಗೆ 6, ಆಮೇಲೆ ಒದೆಯುವ ಬದಲು ಇನ್ನೊಮ್ಮೆ ಚೆಂಡನ್ನು ಗೆರೆ ದಾಟಿಸಿದರೆ 2. ಎರಡನ್ನೂ ಕಟ್ಟಿದರು, ಎರಡನೆಯದನ್ನು ಆಟ ಮುಗಿಯಲು 57 ಸೆಕೆಂಡು ಇದ್ದಾಗ. ಹೆಚ್ಚುವರಿ ಅವಧಿಯಲ್ಲಿ ಇನ್ನೊಂದು ಟಚ್‌ಡೌನ್, 34–28. ಬ್ರೇಡಿ 62 ಸಲ ಎಸೆದರು, ಹೆಚ್ಚಿನವು ಗಿಡ್ಡ ಎಸೆತಗಳು. ಅವರ ಜೊತೆಗಾರ ಜೇಮ್ಸ್ ವೈಟ್ ಒಬ್ಬರೇ 14 ಹಿಡಿದರು.

ಕೊನೆಯದಾಗಿ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ. 1989ರ ಜನವರಿ 22, ಮಯಾಮಿ. ಸ್ಯಾನ್ ಫ್ರಾನ್ಸಿಸ್ಕೊ 13, ಸಿನ್ಸಿನಾಟಿ 16, ಉಳಿದದ್ದು 3 ನಿಮಿಷ 10 ಸೆಕೆಂಡು, ಸಾಗಬೇಕಾದ ದೂರ 92 ಗಜ. ಮೊಂಟಾನಾ ಗುಂಪಿನ ನಡುವೆ ನಿಂತು, ಪ್ರೇಕ್ಷಕರಲ್ಲಿದ್ದ ಹಾಸ್ಯನಟ ಜಾನ್ ಕ್ಯಾಂಡಿಯನ್ನು ತೋರಿಸಿ ‘ಅಲ್ಲಿ ನೋಡಿ, ಜಾನ್ ಕ್ಯಾಂಡಿ’ ಎಂದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅವರಿಗೆ ನರಗಳೇ ಇಲ್ಲವೇನೋ ಎಂದು ಜನ ಅದನ್ನು ಹೇಳುತ್ತಾರೆ. ಆದರೆ ಆ 92 ಗಜದ ಪಯಣದ ನಡುವೆ, ಗದ್ದಲದಲ್ಲಿ ಕೂಗಿ ಕೂಗಿ ಮೊಂಟಾನಾಗೆ ಉಸಿರು ತಪ್ಪಿ ತಲೆ ಸುತ್ತಿತು, ಕಣ್ಣು ಮಂಜಾಯಿತು. ಆಗ ಅವರು ಸಾಹಸಕ್ಕೆ ಹೋಗಲಿಲ್ಲ. ಚೆಂಡನ್ನು ಯಾರಿಗೂ ಸಿಗದಂತೆ ಅಂಗಳದ ಪಕ್ಕದ ಗೆರೆಯಾಚೆ ಎಸೆದು, ಉಸಿರು ಹಿಡಿದುಕೊಂಡು, ಮತ್ತೆ ಗುಂಪಿಗೆ ಬಂದು ಮುಂದಿನ ಆಟದ ಹೆಸರು ಹೇಳಿದರು. 34 ಸೆಕೆಂಡು ಉಳಿದಿರುವಾಗ ಜಾನ್ ಟೇಲರ್‌ಗೆ 10 ಗಜದ ಟಚ್‌ಡೌನ್, 20–16. ಆ ಪಯಣದಲ್ಲಿ ಮೊಂಟಾನಾ ಎಸೆದದ್ದು ಒಂಬತ್ತು ಸಲ. ಎಂಟು ಜೊತೆಗಾರರ ಕೈ ಸೇರಿದವು. ಒಂಬತ್ತನೆಯದು ಆ ಗೆರೆಯಾಚೆಯ ಎಸೆತ. ಲೆಕ್ಕದ ಪುಸ್ತಕದಲ್ಲಿ ಅದು ವಿಫಲ ಎಸೆತವೆಂದೇ ದಾಖಲಾಗಿದೆ.

ನಮಸ್ಕಾರ.