ನಲವತ್ತರ ಹೊತ್ತಿಗೆ ಕೆಟಲ್‌ಬೆಲ್: ಅಭ್ಯಾಸ ತಪ್ಪದಿರಲು ಏನು ಮಾಡಬೇಕು?

[ದೃಶ್ಯ: ರಬ್ಬರ್ ಮ್ಯಾಟ್ ಮೇಲೆ 16 ಕೆ.ಜಿ.ಯ ಒಂದೇ ಒಂದು ಕೆಟಲ್‌ಬೆಲ್]

ನಮಸ್ಕಾರ. ನಲವತ್ತರ ಆಸುಪಾಸಿನಲ್ಲಿ ಕೆಟಲ್‌ಬೆಲ್ (ಮೇಲೆ ಹಿಡಿಕೆಯಿರುವ ಕಬ್ಬಿಣದ ಗುಂಡು) ಶುರು ಮಾಡಿದವರು ಮೊದಲ ವಾರದಲ್ಲೇ ಬಿಡುವುದು ಅಪರೂಪ. ಬಿಡುವುದು ಒಂದೆರಡು ತಿಂಗಳಾದ ಮೇಲೆ, ಎಲ್ಲ ಚೆನ್ನಾಗಿ ನಡೆಯುತ್ತಿದೆ ಅನ್ನಿಸುವಾಗ. ಆಮೇಲೆ ತಮ್ಮ ಸೋಮಾರಿತನವನ್ನೇ ಬೈದುಕೊಳ್ಳುತ್ತಾರೆ. ಆದರೆ ಆಗಿರುವುದು ಬೇರೆ. ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು, ವಯಸ್ಸಾದಂತೆ ಇನ್ನೂ ನಿಧಾನ. ಸ್ನಾಯು ‘ಇನ್ನಷ್ಟು ಮಾಡು’ ಅನ್ನುತ್ತದೆ, ನೀವು ಮಾಡುತ್ತೀರಿ, ಮೊಣಕೈ ಅಥವಾ ಸೊಂಟ ಹಿಡಿದುಕೊಳ್ಳುತ್ತದೆ. ಹತ್ತು ದಿನ ವಿಶ್ರಾಂತಿ ಅಂತ ಇಟ್ಟ ಬೆಲ್ ಮತ್ತೆ ಮಂಚದ ಕೆಳಗಿನಿಂದ ಹೊರಬರುವುದಿಲ್ಲ.

ಹಾಗಾಗಿ ಇವತ್ತು ಮುಖ್ಯವಾಗಿ ಪ್ರಮಾಣದ ಬಗ್ಗೆ ಮಾತಾಡೋಣ. ಎಷ್ಟು ತೂಕ, ಎಷ್ಟು ಸೆಟ್, ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು.

[ತೆರೆಯ ಮೇಲೆ: ಬೆಲ್ ಆಯ್ಕೆ]

ಹೊಸದಾಗಿ ಶುರು ಮಾಡುವ ಹೆಂಗಸರಿಗೆ 8 ಕೆ.ಜಿ., ಗಂಡಸರಿಗೆ 16 ಕೆ.ಜಿ. ಸಾಕು. ವರ್ಷಗಟ್ಟಲೆ ಕುರ್ಚಿಯಲ್ಲೇ ಕೂತು ಕೆಲಸ ಮಾಡಿದ ಗಂಡಸರಾದರೆ 12ರಿಂದ ಶುರು ಮಾಡಿ, ಅದರಲ್ಲಿ ಸಂಕೋಚ ಬೇಡ. ಕೊಳ್ಳುವಾಗ ಹಿಡಿಕೆಯ ಒಳಬದಿಗೆ ಹೆಬ್ಬೆರಳು ಸವರಿ ನೋಡಿ. ಎರಕದ ಅಂಚು ಕೈಗೆ ಸಿಕ್ಕರೆ ಅದು ಎರಡೇ ವಾರದಲ್ಲಿ ನಿಮ್ಮ ಅಂಗೈ ಕೀಳುತ್ತದೆ. ಎರಡೂ ಕೈ ಆರಾಮವಾಗಿ ಹಿಡಿಕೆಯೊಳಗೆ ಹಿಡಿಸಬೇಕು. ಹೊರಗೆ ಪ್ಲಾಸ್ಟಿಕ್, ಒಳಗೆ ಸಿಮೆಂಟ್ ತುಂಬಿದ ಅಗ್ಗದ ಬೆಲ್‌ಗಳು ಅದೇ ತೂಕಕ್ಕೆ ದಪ್ಪಗಿರುತ್ತವೆ, ಪ್ರೆಸ್ ಮಾಡುವಾಗ, ಅಂದರೆ ಬೆಲ್ಲನ್ನು ಭುಜದಿಂದ ತಲೆಯ ಮೇಲಕ್ಕೆ ತಳ್ಳುವಾಗ, ಮುಂಗೈಯನ್ನು ಒತ್ತುತ್ತವೆ. ಬೇಡ.

[ದೃಶ್ಯ: ಗೋಡೆಗೆ ಬೆನ್ನು ಮಾಡಿ, ಒಂದು ಗೇಣು ದೂರದಲ್ಲಿ ನಿಂತ ವ್ಯಕ್ತಿ, ಪಕ್ಕದಿಂದ]

ಬೆಲ್ಲನ್ನು ಕಾಲುಗಳ ನಡುವಿನಿಂದ ಎದೆಯ ಮಟ್ಟಕ್ಕೆ ತೂಗುವುದೇ ಸ್ವಿಂಗ್. ಅದಕ್ಕೆ ಮುಂಚೆ ಸೊಂಟ ಮಡಚುವುದನ್ನು ಕಲಿಯಬೇಕು. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ಮುಂದೆ ನಿಲ್ಲಿ. ಮಂಡಿಯನ್ನು ಸ್ವಲ್ಪವೇ ಬಗ್ಗಿಸಿ, ಪೃಷ್ಠವನ್ನು ಹಿಂದಕ್ಕೆ ತಳ್ಳಿ ಗೋಡೆಗೆ ಮುಟ್ಟಿಸಿ. ಬೆನ್ನು ನೇರವಾಗಿರಲಿ, ಮಂಡಿಯಿಂದ ಪಾದದವರೆಗಿನ ಕಾಲು ಹೆಚ್ಚುಕಡಿಮೆ ನೆಟ್ಟಗಿರಲಿ. ಸುಲಭವಾದರೆ ಎರಡು ಬೆರಳು ಮುಂದೆ ಸರಿಯಿರಿ. ಮೊದಲ ಎರಡು ವಾರ ಇದೇ ಮಡಿಕೆಯಲ್ಲಿ ಬೆಲ್ಲನ್ನು ನೆಲದಿಂದ ಎತ್ತಿ ನಿಂತು, ಮತ್ತೆ ಇಳಿಸಿ. ಐದೈದು ಸಲದ ಐದು ಸೆಟ್.

ಆಮೇಲೆ ಸ್ವಿಂಗ್. ಬೆಲ್ ಒಂದು ಅಡಿ ಮುಂದಿರಲಿ. ಹಿಡಿದು, ಕಾಲುಗಳ ನಡುವೆ ಹಿಂದಕ್ಕೆ ಎಸೆಯಿರಿ.

[ನಿಧಾನಗತಿಯ ದೃಶ್ಯ: ಮುಂಗೈ ತೊಡೆಸಂದಿಗೆ ತಾಗುವ ಕ್ಷಣ]

ಇಲ್ಲಿ ನಿಲ್ಲಿಸಿ ನೋಡಿ. ಹಿಂದಕ್ಕೆ ಹೋದಾಗ ಮುಂಗೈ ತೊಡೆಯ ಮೇಲ್ಭಾಗಕ್ಕೆ, ಸಂದಿಯ ಹತ್ತಿರಕ್ಕೆ ತಾಗಬೇಕು. ಬೆಲ್ ಮಂಡಿಗಿಂತ ಕೆಳಗೆ ಇಳಿದರೆ ಅದರ ಎಳೆತವೆಲ್ಲ ಸೊಂಟದ ಮೇಲೆ ಬೀಳುತ್ತದೆ. ‘ಸ್ವಿಂಗ್ ಮಾಡಿದರೆ ನನಗೆ ಸೊಂಟ ನೋಯುತ್ತೆ’ ಅನ್ನುವವರಲ್ಲಿ ಈ ತಪ್ಪನ್ನೇ ಮೊದಲು ಹುಡುಕಬೇಕು. ಬೆಲ್ಲನ್ನು ಮೇಲೆ ಕಳಿಸುವುದು ಪೃಷ್ಠದ ಬಲ, ತೋಳಲ್ಲ. ಎದೆಯ ಮಟ್ಟಕ್ಕೆ ಬಂದಾಗ ಮಂಡಿ ನೆಟ್ಟಗೆ, ಹೊಟ್ಟೆ ಬಿಗಿ, ಉಸಿರು ‘ಹುಸ್’ ಎಂದು ಹೊರಗೆ. ಮೇಲೆ ಬಂದಾಗ ಹಿಂದಕ್ಕೆ ವಾಲಬೇಡಿ. ಹಿಡಿತ ಬಿಗಿಯಾದಷ್ಟೂ ಮೊಣಕೈ ನೋವು ಹತ್ತಿರ, ಬೆರಳುಗಳನ್ನು ಕೊಕ್ಕೆಯಂತೆ ಬಾಗಿಸಿಟ್ಟರೆ ಸಾಕು.

[ತೆರೆಯ ಮೇಲೆ: ವಾರಕ್ಕೆ 3 ದಿನ, 25 ನಿಮಿಷ]

ಸೋಮವಾರ, ಬುಧವಾರ, ಶುಕ್ರವಾರ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮೂರಕ್ಕೆ ಯೋಜನೆ ಹಾಕಿಕೊಂಡರೆ ಒಂದು ತಪ್ಪಿದರೂ ಎರಡು ಉಳಿಯುತ್ತದೆ.

ಪ್ರತಿ ನಿಮಿಷದ ಶುರುವಿಗೆ 10 ಸ್ವಿಂಗ್, ಉಳಿದ ಹೊತ್ತು ನಡೆದಾಡಿ. ಐದು ಸೆಟ್‌ಗೆ ನಿಲ್ಲಿಸಿ. ಮುಂದಿನ ಸೆಟ್‌ಗೆ ಮುಂಚೆ ಒಂದು ಪೂರ್ಣ ವಾಕ್ಯವನ್ನು ಏದುಸಿರಿಲ್ಲದೆ ಹೇಳಲು ಆಗಬೇಕು. ಆಗದಿದ್ದರೆ ಇನ್ನರ್ಧ ನಿಮಿಷ ಕಾಯಿರಿ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ಎದೆಬಡಿತವನ್ನು ಮಾತ್ರೆಯೇ ತಗ್ಗಿಸುವುದರಿಂದ ಕೈಗಡಿಯಾರ ತೋರಿಸುವ ಸಂಖ್ಯೆ ನಂಬಲಾಗದು. ಅವರಿಗೆ ಈ ಮಾತಿನ ಪರೀಕ್ಷೆಯೇ ಮೇಲು, ಶುರು ಮಾಡುವ ಮುಂಚೆ ವೈದ್ಯರನ್ನು ಕೇಳುವುದೂ ಕಡ್ಡಾಯ. ಉಸಿರು ಬಿಗಿಹಿಡಿದು ಎತ್ತಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ, ನೆನಪಿರಲಿ.

ಸ್ವಿಂಗ್ ಆದ ಮೇಲೆ ಗೋಬ್ಲೆಟ್ ಸ್ಕ್ವಾಟ್ (ಬೆಲ್ಲನ್ನು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದು ಕುಕ್ಕರಿಸಿ ಏಳುವುದು) ಐದೈದರ ಮೂರು ಸೆಟ್, ಒಂದೊಂದು ಕೈಗೆ ಮೂರು ಮೂರು ಪ್ರೆಸ್‌ನ ಮೂರು ಸೆಟ್. ಕೈ ತಲೆಯ ಮೇಲೆ ನೇರ ಹೋಗದೆ ಬೆನ್ನು ಬಾಗುತ್ತಿದ್ದರೆ ಪ್ರೆಸ್ ಬಿಟ್ಟು ರೋಯಿಂಗ್ (ಮುಂದಕ್ಕೆ ಬಾಗಿ ಬೆಲ್ಲನ್ನು ಪಕ್ಕೆಯತ್ತ ಎಳೆಯುವುದು) ಮಾಡಿ, ಭುಜ ಸಡಿಲವಾಗುವವರೆಗೆ.

ಎರಡು ವಾರಕ್ಕೊಮ್ಮೆ ಒಂದೇ ಒಂದು ಸ್ವಿಂಗ್ ಸೆಟ್ ಹೆಚ್ಚಿಸಿ, ಹತ್ತು ಸೆಟ್ ತಲುಪುವವರೆಗೆ. ಪ್ರತಿ ನಾಲ್ಕನೇ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ, ಚೆನ್ನಾಗಿದ್ದೇನೆ ಅನ್ನಿಸಿದರೂ ಇಳಿಸಿ. ಸ್ನಾಯುರಜ್ಜು ಸುಧಾರಿಸಿಕೊಳ್ಳುವುದು ಆಗಲೇ.

[ದೃಶ್ಯ: 16, 20, 24 ಕೆ.ಜಿ. ಬೆಲ್‌ಗಳು ಸಾಲಾಗಿ]

ಹತ್ತು ಸೆಟ್ ತಲುಪಿದ ಮೇಲೆ ಹೆಚ್ಚು ಭಾರದ ಬೆಲ್. ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಕೆಟಲ್‌ಬೆಲ್ ರಷ್ಯಾದ ಸಂತೆಗಳಲ್ಲಿ ತೂಗಲು ಬಳಸುತ್ತಿದ್ದ ತೂಕದ ಕಲ್ಲು. ಅಲ್ಲಿನ ಹಳೆಯ ಅಳತೆ ‘ಪೂದ್’ ಅಂದರೆ ಸುಮಾರು 16.4 ಕೆ.ಜಿ. ಅದಕ್ಕೇ ಹಳೆಯ ಕ್ರಮ 16, 24, 32, ಅಂದರೆ ಹೆಚ್ಚುಕಡಿಮೆ ಒಂದು, ಒಂದೂವರೆ, ಎರಡು ಪೂದ್. ಹದಿನಾರರಿಂದ ಇಪ್ಪತ್ನಾಲ್ಕಕ್ಕೆ ಹೋದರೆ ಒಂದೇ ಏಟಿಗೆ ಶೇ 50ರಷ್ಟು ಹೆಚ್ಚು! ನಡುವಿನ 20ಕ್ಕೆ ಹೋದರೂ ಶೇ 25. ಇಷ್ಟು ದೊಡ್ಡ ಜಿಗಿತವನ್ನು ನಲವತ್ತೈದರ ಮೊಣಕೈ ಸಹಿಸುವುದಿಲ್ಲ. ಆದ್ದರಿಂದ ಹತ್ತು ಸೆಟ್‌ನಲ್ಲಿ ಒಂದನ್ನು ಮಾತ್ರ ಹೊಸ ಬೆಲ್‌ನಿಂದ ಮಾಡಿ, ಉಳಿದ ಒಂಬತ್ತು ಹಳೆಯದರಿಂದ. ಎರಡು ವಾರ ಬಿಟ್ಟು ಎರಡು ಸೆಟ್. ಪೂರ್ತಿ ಹೊಸ ಬೆಲ್‌ಗೆ ಬರಲು ನಾಲ್ಕು ತಿಂಗಳಿಗೂ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಪ್ರೆಸ್‌ಗೆ ಮಾತ್ರ ಹಳೆಯ ಬೆಲ್ ಇನ್ನೂ ಬಹಳ ದಿನ ಬೇಕಾಗುತ್ತದೆ, ಮಾರಬೇಡಿ.

ಬೆಳಗಿನ ಅಭ್ಯಾಸದವರಿಗೆ ಒಂದು ಮಾತು. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಎದ್ದ ಕೂಡಲೇ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ಐದೂವರೆಗೆ ಎದ್ದು ಐದೂ ಮುಕ್ಕಾಲಿಗೆ ಸ್ವಿಂಗ್ ಬೇಡ. ಕಾಫಿ, ನಡಿಗೆ, ಮನೆಗೆಲಸ ಮುಗಿಸಿ ಒಂದು ಗಂಟೆ ಕಳೆಯಲಿ.

ಅಂಗೈಯ ಗಂಟನ್ನು ಸ್ನಾನವಾದ ಮೇಲೆ ಹಿಮ್ಮಡಿ ಉಜ್ಜುವ ಕಲ್ಲಿನಿಂದ ವಾರಕ್ಕೊಮ್ಮೆ ಸಮ ಮಾಡಿ. ಉಬ್ಬಿದ ಗಂಟೇ ಕಿತ್ತುಬರುವುದು. ಟೈಲ್ಸ್ ನೆಲದಲ್ಲಿ ಬೆವರು ಬಿದ್ದರೆ ಜಾರುತ್ತದೆ, ಮ್ಯಾಟ್ ಹಾಸಿ, ಅಪಾರ್ಟ್‌ಮೆಂಟ್ ಆದರೆ ಬೆಲ್ಲನ್ನು ಎತ್ತಿಹಾಕಬೇಡಿ.

[ತೆರೆಯ ಮೇಲೆ: ತಪ್ಪಿಹೋದರೆ]

ಮದುವೆ, ಊರು, ಮಕ್ಕಳ ಪರೀಕ್ಷೆ, ತಪ್ಪುವುದು ಇದ್ದದ್ದೇ. ಸೋಮವಾರ ತಪ್ಪಿದ್ದನ್ನು ಬುಧವಾರಕ್ಕೆ ಸೇರಿಸಬೇಡಿ, ಪೆಟ್ಟಾಗುವುದು ಅಂಥ ಡಬಲ್ ದಿನಗಳಲ್ಲೇ. ಹೊತ್ತಿಲ್ಲದ ದಿನ ಐದು ನಿಮಿಷ, ಐದು ಸೆಟ್, ಅಷ್ಟೇ. ಒಂದು ವಾರ ಬಿಟ್ಟಿದ್ದರೆ ಮೊದಲ ದಿನ ಅರ್ಧ ಸೆಟ್‌ಗಳು. ಒಂದು ತಿಂಗಳು ಬಿಟ್ಟಿದ್ದರೆ ಮತ್ತೆ ಐದು ಸೆಟ್‌ನಿಂದ, ಹಿಂದಿನದಕ್ಕಿಂತ ಒಂದು ಹಂತ ಹಗುರದ ಬೆಲ್‌ನಿಂದ. ಸೊಂಟದಿಂದ ಕಾಲಿಗೆ ಇಳಿಯುವ ನೋವು, ಎದೆ ಬಿಗಿತ, ಕೈ ಜೋಮು ಕಂಡರೆ ಆ ಕ್ಷಣ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ಜ್ವರದಿಂದ ಎದ್ದವರು ಮೊದಲು ಮೂರ್ನಾಲ್ಕು ದಿನ ಅರ್ಧ ಗಂಟೆ ನಡೆದು ನೋಡಿ. ಸುಸ್ತು, ಎದೆ ಡವಗುಟ್ಟುವುದು ಇಲ್ಲದಿದ್ದರೆ ಮಾತ್ರ ಬೆಲ್ ಮುಟ್ಟಿ, ಡೆಂಗಿಯಾಗಿದ್ದರೆ ವೈದ್ಯರು ಸರಿ ಅಂದ ಮೇಲೆ.