ಅಜ್ಜಿಯ ದನಿಯ ಅಲಾರಂ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮಕ್ಕನ ಮಗನಿಗೆ ಈಗ 17 ವರ್ಷ. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ ಇದೆ, ಅಂದರೆ ಮಾತು, ಕಲಿಕೆ ನಿಧಾನ. ಜೊತೆಗೆ ಆಸ್ತಮಾ. ದಮ್ಮು ಕಟ್ಟಿದರೆ ಬಾಯಿಬಿಟ್ಟು ಹೇಳಲು ಅವನಿಗೆ ಬರುವುದಿಲ್ಲ. ಅಂಗಿಯ ಕಾಲರ್ ಎಳೆದುಕೊಳ್ಳುತ್ತಾನೆ, ಅಷ್ಟೇ. ಸೆಕೆಗೋ ಹಟಕ್ಕೋ ಅಂದುಕೊಂಡು ನಾವೇ ಎಷ್ಟೋ ಸಲ ಗದರಿದ್ದೇವೆ.

ಅವನಿಗೆ ಎರಡು ಪಂಪು, ಅಂದರೆ ಇನ್ಹೇಲರ್. ಒಂದು ದಮ್ಮು ಬಂದಾಗ ಹಾಕುವುದು. ಕೆಲವೇ ನಿಮಿಷದಲ್ಲಿ ಉಸಿರು ಸಡಿಲವಾಗುತ್ತದೆ. ಇನ್ನೊಂದು ದಿನಾ ಬೆಳಿಗ್ಗೆ, ರಾತ್ರಿ. ಅದು ಶ್ವಾಸನಾಳದ ಊತ ಇಳಿಸುತ್ತದೆ, ಆದರೆ ನಿಧಾನ. ಚೆನ್ನಾಗಿರುವಾಗ ಔಷಧಿ ಯಾಕೆ ಅನ್ನುವುದು ದೊಡ್ಡವರಿಗೇ ತಲೆಗೆ ಹೋಗುವುದಿಲ್ಲ, ಅಲ್ವಾ? ಅವನಿಗೆ ವಿವರಿಸಲು ಹೋಗಲಿಲ್ಲ, ಸುಮ್ನೆ ಅಭ್ಯಾಸ ಮಾಡಿಸಿದೆವು.

ಮೊದಲು ಫೋನಿನಲ್ಲಿ ಅಲಾರಂ ಇಟ್ಟೆವು. ಅದು ಕಿರ್ ಅಂದಿದ್ದೇ ತಡ, ಕಿವಿ ಮುಚ್ಚಿಕೊಂಡು ಮಂಚದಡಿ ಸೇರಿದ. ಆಮೇಲೆ ಅಕ್ಕ ಅಜ್ಜಿಯ ದನಿಯನ್ನೇ ರೆಕಾರ್ಡ್ ಮಾಡಿ ಹಾಕಿದಳು: 'ಬಾ ಮಗಾ, ಪಂಪ್ ತಗೋ, ಕಾಫಿ ಕೊಡ್ತೀನಿ.' ಈಗ ಅಜ್ಜಿ ಪಕ್ಕದಲ್ಲೇ ಕೂತಿದ್ದರೂ ಫೋನಿಗೇ 'ಬಂದೆ ಅಜ್ಜೀ' ಅನ್ನುತ್ತಾನೆ.

ಇನ್ನು ಪಂಪ್ ಹಾಕಿಕೊಳ್ಳುವ ರೀತಿ. ಮುಂಚೆ ನಾಲ್ಕೈದು ಸಲ ಒಟ್ಟಿಗೆ ಒತ್ತಿಬಿಡುತ್ತಿದ್ದ. ಅಕ್ಕ ಅವನದ್ದೇ ವಿಡಿಯೊ ತೆಗೆದಳು, ತುಂಡು ತುಂಡಾಗಿ. ಪಂಪ್ ಕುಲುಕುವುದು, ಸ್ಪೇಸರ್ ಕೊಳವೆಗೆ ಸಿಕ್ಕಿಸುವುದು, ಒಂದೇ ಸಲ ಒತ್ತುವುದು, ನಿಧಾನ ಉಸಿರೆಳೆಯುವುದು, ಕೊನೆಗೆ ಬಾಯಿ ಮುಕ್ಕಳಿಸುವುದು. ತಪ್ಪಿದ್ದನ್ನೆಲ್ಲ ಕತ್ತರಿಸಿ, ಸರಿಯಿದ್ದದ್ದನ್ನಷ್ಟೇ ಜೋಡಿಸಿದಳು. ಅವನಿಗದು ಸಿನಿಮಾ. ಹೀರೋ ಮಾಡಿದ ಹಾಗೇ ಮಾಡುತ್ತಾನೆ, ಹೀರೋ ತಾನೇ ತಾನೆ!

ಡಾಕ್ಟರ ಮುಂದೆ ಕೂತಾಗ ಅವನು ಯಾವಾಗಲೂ ಆರಾಮ. ಹಾಗಾಗಿ ಒಂದು ರಾತ್ರಿ ಪಂಪ್ ಕೊಡುತ್ತಲೇ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದುದನ್ನು ಅರ್ಧ ನಿಮಿಷ ವಿಡಿಯೊ ಮಾಡಿಕೊಂಡೆವು. ನಾವು ವರ್ಷಗಟ್ಟಲೆ ಹೇಳಿದ್ದಕ್ಕಿಂತ ಅದು ಜಾಸ್ತಿ ಹೇಳಿತು. ಔಷಧಿ ಬದಲಾಯಿತು.

ಒಂದು ಮಾತು. ಪಂಪ್ ಹಾಕಿದರೂ ದಮ್ಮು ಇಳಿಯದಿದ್ದರೆ, ತುಟಿ ನೀಲಿಯಾದರೆ, ಆಗ ಫೋನಿನಲ್ಲಿ ಒತ್ತಬೇಕಾದ್ದು 108 ಮಾತ್ರ.

ಈಗ ಅವನ ಫೋನಿನ ತೆರೆಯ ಮೇಲೆ ಒಂದು ಫೋಟೊ ಇದೆ, ಅವನೇ ಕಾಲರ್ ಎಳೆದುಕೊಳ್ಳುತ್ತಿರುವುದು. ಮುಟ್ಟಿದರೆ 'ನಂಗೆ ದಮ್ಮು ಕಟ್ತಿದೆ' ಅನ್ನುತ್ತದೆ. ಒಗ್ಗರಣೆಯ ಘಾಟಿಗೆ ಎರಡು ಸಲ ತಾನಾಗಿ ಒತ್ತಿದ್ದಾನೆ. ಮೊನ್ನೆ ಮತ್ತೆ ಒತ್ತಿದ. ಎಲ್ಲರೂ ಓಡಿ ಬಂದೆವು. ನೋಡಿದರೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಅಜ್ಜಿಯ ಮುಂದೆ ತನ್ನ ಪಂಪ್ ಹಿಡಿದು ನಿಂತಿದ್ದ.

ನಮಸ್ಕಾರ.